ಚಿಗರಿಗೆ ಪಟ್ಟಿ ಕಟ್ಟುವುದಿಲ್ಲ

ನನ್ನ ಹೆಸರು ಮಲ್ಲಿಕಮ್ಮ, ಗಂಡ ದಿವಂಗತ ದ್ಯಾವಪ್ಪ. ವಯಸ್ಸು ನಲವತ್ತರ ಆಸುಪಾಸು, ಉದ್ಯೋಗ ಕುರಿ ಸಾಕಣೆ, ವಾಸ ಕಕ್ಕೇರಾ, ತಾಲ್ಲೂಕು ಸುರಪುರ. ಪೊಲೀಸ್ ಠಾಣೆಯ ಅಧಿಕಾರಿ ಅಮೀನ ಶರೀಫಸಾಬರು ಕೇಳಿದ್ದಕ್ಕೆ ನಾನು ಬರೆಯಿಸುವುದೇನೆಂದರೆ:

ಚಿಗರಿ ಎಂಬ ಹೆಣ್ಣು ನಾಯಿ ನನ್ನದು. ಅದರ ಕೊರಳಿಗೆ ನಾನು ಎಂದೂ ಹಗ್ಗವಾಗಲಿ ಪಟ್ಟಿಯಾಗಲಿ ಹಾಕಿದವಳಲ್ಲ. ಕಣ್ಣು ಬಿಡುವ ಮೊದಲೇ ಕುರಿಮರಿಗಳ ನಡುವೆ ಮಲಗಿಸಿ ಬೆಳೆಸಿದೆ. ಒಮ್ಮೆ ಕುರಿಮರಿಯನ್ನು ಅಟ್ಟಿಸಿಕೊಂಡು ಹೋದಾಗ ಹೊಡೆಯಲಿಲ್ಲ, ಬೆನ್ನು ತಿರುಗಿಸಿ ನಡೆದುಬಿಟ್ಟೆ. ಅದು ತಾನಾಗಿಯೇ ಹಿಂದೆ ಬಂತು. ಬಂದಾಗ ನನ್ನ ರೊಟ್ಟಿಯಲ್ಲಿ ಪಾಲು ಕೊಟ್ಟೆ. ಹೀಗೆ ಒಂದೊಂದೇ ಮಾತು ಕಲಿಯಿತು. ನಿಲ್ಲು ಅಂದರೆ ನಿಲ್ಲುತ್ತದೆ, ಬಿಡು ಅಂದರೆ ಬಾಯಲ್ಲಿದ್ದುದನ್ನು ಬಿಡುತ್ತದೆ. ಗಾಳಿ ಜೋರಿದ್ದು ಮಾತು ಕೇಳದಿದ್ದರೆ ಕೈ ಎತ್ತಿ ತೋರಿಸುತ್ತೇನೆ.

ಮೊನ್ನೆ ಮಂಗಳವಾರ ಮುಂಜಾನೆ ಊರ ಹೊರಗೆ ಕುರಿ ಮೇಯಿಸುತ್ತಿದ್ದೆ. ಅಲ್ಲಿಗೆ ಊರ ಪಟೇಲ ಗುರಪ್ಪನವರು ತಮ್ಮ ಆಳು ಭಾಗಣ್ಣನೊಂದಿಗೆ ಬಂದರು. ಭಾಗಣ್ಣನ ಕೈಯಲ್ಲಿ ಚರ್ಮದ ಪಟ್ಟಿ ಮತ್ತು ಸರಪಳಿ ಇದ್ದವು. ತಮ್ಮ ಬಾಗಿಲು ಕಾಯಲು ಈ ನಾಯಿ ಬೇಕೆಂದು ಪಟೇಲರು ಹೇಳಿದರು. ಕೊಡುವುದಿಲ್ಲ ಎಂದೆ.

"ನಿನ್ನ ಕೇಳಾಕ ಬಂದಿಲ್ಲ, ಒಯ್ಯಾಕ ಬಂದೇನಿ," ಎಂದರು.

ಹಿಂದೆ ಇದೇ ಮಾತು ಹೇಳಿ ನನ್ನ ಎರಡು ಟಗರನ್ನೂ ನನ್ನ ಗಂಡ ನೇಯ್ದ ಕಂಬಳಿಯನ್ನೂ ಒಯ್ದಿದ್ದಾರೆ. ಆದರೆ ಹೋದ ತಿಂಗಳು ಚಾವಡಿಯ ಮುಂದೆ ಬಾವುಟ ಏರಿಸಿ, ನವಾಬಗಿರಿ ಮುಗಿಯಿತು, ಇನ್ನು ಯಾರೂ ಯಾರದನ್ನೂ ಬಿಟ್ಟಿ ಒಯ್ಯುವಂತಿಲ್ಲ ಎಂದು ಸಾರಿದವರೂ ಇದೇ ಪಟೇಲರು.

"ಹಂಗಂತ ಹೇಳಿದವ್ರು ನೀವ ಅಲ್ಲೇನ್ರಿ?" ಎಂದು ಕೇಳಿದೆ. ಅವರು ಭಾಗಣ್ಣನಿಗೆ ಸನ್ನೆ ಮಾಡಿದರು.

ಆ ಹೊತ್ತಿಗೆ ನಾನು ಚಿಗರಿಗೆ ನಿಲ್ಲು ಎಂದಿದ್ದೆ. ಅದಕ್ಕೇ ಭಾಗಣ್ಣ ಪಟ್ಟಿ ಬಿಗಿಯುವಾಗಲೂ ಅದು ನಿಂತೇ ಇತ್ತು. ಅವನು ಸರಪಳಿ ಹಿಡಿದು ಎಳೆದ. ನಾಯಿಯ ನಾಲಿಗೆ ಹೊರಗೆ ಬಂತು, ಕಣ್ಣು ನನ್ನ ಕಡೆಗೇ ಇತ್ತು. ಪಟೇಲರು ಹಿಂದಿನಿಂದ ಒದ್ದರು. ಆಗ ಅದು ಭಾಗಣ್ಣನ ಮುಂಗೈ ಕಚ್ಚಿತು. ಬಿಡು ಎಂದೆ. ಕೂಡಲೇ ಬಿಟ್ಟಿತು. ನಾನು ಪಟ್ಟಿ ಬಿಚ್ಚಿ ಪಟೇಲರ ಕಾಲ ಬಳಿ ಎಸೆದೆ.

ನಾಯಿಗೆ ಹುಚ್ಚು ಹಿಡಿದಿದೆ, ಬಂದೂಕು ತರಿಸಿ ಹೊಡೆಸುತ್ತೇನೆ ಎಂದು ಪಟೇಲರು ಕೂಗಾಡಿದರು. ಕುರಿಗಳನ್ನು ತಂಗಿ ಮೌನಮ್ಮನಿಗೆ ಒಪ್ಪಿಸಿ, ಅವರಿಗಿಂತ ಮೊದಲೇ ಠಾಣೆ ಮುಟ್ಟಬೇಕೆಂದು ನಾಯಿಯೊಂದಿಗೆ ಸುರಪುರಕ್ಕೆ ನಡೆದು ಬಂದೆ. ಪೇಟೆಯಲ್ಲಿ ಮಾಂಸದ ಅಂಗಡಿ ದಾಟುವಾಗಲೂ ಅದು ನನ್ನ ಹಿಮ್ಮಡಿ ಬಿಡಲಿಲ್ಲ. ಠಾಣೆಯ ಜಮಾದಾರರು ಅದನ್ನು ಬೇವಿನ ಮರಕ್ಕೆ ಕಟ್ಟೆಂದರು. ಕಟ್ಟಲಿಲ್ಲ. ಇದನ್ನು ಬರೆಸುತ್ತಿರುವಾಗ ಅದು ಮೆಟ್ಟಿಲ ಮೇಲೆ ಮಲಗಿದೆ, ಪೇದೆಗಳು ಅದನ್ನು ದಾಟಿಕೊಂಡು ಓಡಾಡುತ್ತಿದ್ದಾರೆ.

ಗಾಯಕ್ಕೆ ಔಷಧಿ ಹಾಕಿಸಿಕೊಳ್ಳಲು ಸುರಪುರಕ್ಕೆ ಬಂದಿದ್ದ ಭಾಗಣ್ಣನನ್ನೂ ಅಮೀನರು ಕರೆಸಿದರು. ನಾಯಿಗೆ ಹುಚ್ಚು ಇತ್ತೇ ಎಂದು ಕೇಳಿದರು.

"ಇಲ್ರಿ. ಆಕಿ ಬಿಡು ಅಂದ್ಲು, ಅದು ಬಿಡ್ತು. ಹುಚ್ಚು ನಾಯಿ ಹಂಗ ಬಿಡತೈತೇನ್ರಿ? ನಾ ಈ ಮಾತಂದೆ ಅಂತ ಪಟೇಲರಿಗೆ ಹೇಳಬ್ಯಾಡ್ರಿ," ಎಂದ.

ನಾಯಿಯನ್ನು ಯಾರೂ ಕೊಲ್ಲಬಾರದು, ಹತ್ತು ದಿನ ಠಾಣೆಯ ಅಂಗಳದಲ್ಲಿಟ್ಟು ಹುಚ್ಚಿನ ಲಕ್ಷಣ ಇದೆಯೇ ನೋಡತಕ್ಕದ್ದು ಎಂದು ಅಮೀನರು ಹೇಳಿದರು. ಒಪ್ಪಿದೆ. ನಾನೂ ಜೊತೆಗೇ ಇರುತ್ತೇನೆ ಎಂದೆ.

ಬರೆದದ್ದನ್ನು ಗುಮಾಸ್ತರು ಓದಿ ಹೇಳಿದರು. ಕೊನೆಗೆ, ಇನ್ನು ಮುಂದೆ ನಾಯಿಯನ್ನು ಕಟ್ಟಿ ಹಾಕುತ್ತೇನೆ ಎಂಬ ಸಾಲಿತ್ತು. ಹಾಗೆ ಬರೆಯುವುದು ವಾಡಿಕೆ ಎಂದರು.

"ಆ ಮಾತು ನಾ ಆಡಿಲ್ರಿ. ಆ ಸಾಲು ಹೊಡದ ಹಾಕ್ರಿ," ಎಂದೆ.

ಅಮೀನರು ತಾವೇ ಆ ಸಾಲನ್ನು ಹೊಡೆದು ಹಾಕಿದರು. ಉಳಿದದ್ದೆಲ್ಲ ನನ್ನ ಬಾಯಿಂದ ಬಂದದ್ದು, ನಡೆದದ್ದು ನಡೆದ ಹಾಗೇ ಇದೆ. ಕೆಳಗೆ ನನ್ನ ಎಡಗೈ ಹೆಬ್ಬೆಟ್ಟಿದೆ. ಹೊಡೆದ ಸಾಲಿನ ಪಕ್ಕದಲ್ಲೂ ನಾನೇ ಕೇಳಿ ಒಂದು ಒತ್ತಿದ್ದೇನೆ.

ಸ್ಥಳ: ಸುರಪುರ
ತಾರೀಖು: 9 ಫೆಬ್ರವರಿ 1950
ಮಲ್ಲಿಕಮ್ಮನ ಹೆಬ್ಬೆಟ್ಟು