ಆರಕ್ಕೆ ನಿಂತ ಸರಪಳಿ

...ಅದಕ್ಕೇ ಹೇಳ್ತಿದ್ದೀನಿ ಯಮಿಲಾ, ಗುರುವಾರ ನಿನ್ನ ಪರೀಕ್ಷಕರು ಮೂವರಲ್ಲ, ಮೂವತ್ತು ಜನ ಬಂದರೂ ನಿನ್ನ ಪಿಎಚ್‌ಡಿ ಪ್ರಬಂಧವನ್ನ ಅಲುಗಾಡಿಸೋಕೆ ಆಗಲ್ಲ. ಅದು ನಿಂತಿರೋದು ಈ ನಿನ್ನ ಬಾಲ್ಡೊಮೆರೊ ಮಾವನ ಅಚ್ಚಿನ ಮೇಲೆ. ಯಾಕೆ ನಗ್ತೀಯ? ಈ ಕಡೆ ಬಾ, ಹೊಗೆ ಹೊಡೀತಿದೆ. ಆ ಇಕ್ಕಳ ಕೊಡು. ಶನಿವಾರ ಮಧ್ಯಾಹ್ನ, ಎದುರಿಗೆ ಕೆಂಡ, ಮೇಲೆ ಮಾಂಸ, ಇಂಥ ಹೊತ್ತಲ್ಲಿ ಪರೀಕ್ಷೆಯ ಚಿಂತೆ ಮಾಡೋಳು ಇಡೀ ರೊಸಾರಿಯೊ ಊರಲ್ಲಿ ನೀನೊಬ್ಬಳೇ.

ಈ ಚೊರಿಸೊ ನೋಡು. ಕಟುಕ ಕರುಳಿಗೆ ಮಾಂಸ ತುಂಬ್ತಾನೆ, ಎಲ್ಲಿ ಗಂಟು ಹಾಕ್ತಾನೋ ಅಲ್ಲಿಗೆ ಒಂದು ಮುಗೀತು. ನನಗಿಂತ ಮುಂಚೆ ಸಣ್ಣ ಸರಪಳಿ ಅಣುಗಳನ್ನ ಮಾಡೋರ ಪಾಡು ಏನಿತ್ತು ಗೊತ್ತಾ? ಗಂಟು ಹಾಕೋರೇ ಇಲ್ಲ. ಸರಪಳಿಯ ಕೊಂಡಿಗಳಾಗಬೇಕಾದ ತುಂಡುಗಳನ್ನ ಫ್ಲಾಸ್ಕಿಗೆ ಹಾಕಿ ಕಾಯಿಸೋದು. ಒಂದು ಕಡೆ ಎರಡು ಅಂಟಿಕೊಳ್ಳುತ್ತೆ, ಇನ್ನೊಂದು ಕಡೆ ಹದಿನೇಳು... ಕೊನೆಗೆ ಎಲ್ಲಾ ಸೇರಿ ಡಾಂಬರು. ನಾನೇನು ಮಾಡಿದೆ? ಆರು ಕೈಯ ಒಂದು ಅಣು ಕಟ್ಟಿದೆ. ಅದೇ ಅಚ್ಚು. ಒಂದೊಂದು ಕೈ ಒಂದೊಂದು ತುಂಡನ್ನ ಹಿಡ್ಕೊಳ್ಳುತ್ತೆ, ಪಕ್ಕಪಕ್ಕದವು ಬೆಸೆದುಕೊಳ್ತವೆ, ಏಳನೆಯದಕ್ಕೆ ಕೈಯೇ ಇಲ್ಲ. ಆರಕ್ಕೆ ನಿಲ್ಲು ಅಂದೆ, ನಿಂತಿತು. ಆಮೇಲೆ ಅಚ್ಚನ್ನ ತೊಳೆದು ತೆಗೆದರೆ ಆಯ್ತು. ಹ್ಯಾಂಬರ್ಗಿನಿಂದ ಒಬ್ಬ ಬಂದ, ನನ್ನ ಸರಪಳಿಯನ್ನ ತೂಗಿದ, ತೂಗೋ ಯಂತ್ರದ ಮೇಲೇ ತಲೆಯಿಟ್ಟು ಅತ್ತುಬಿಟ್ಟ. ಕಣ್ಣೀರು ಇಳಿದು ಯಂತ್ರ ಕೆಟ್ಟುಹೋಯ್ತು.

ಸರಿ, ಹೋದ ಸಲ ಹೇಳಿದಾಗ ಅವನು ಸ್ವೀಡನ್ನಿನವನಾಗಿದ್ದ. ಜನ ಊರು ಬದಲಾಯಿಸ್ತಾರೆ.

ಏನಂದೆ? ಅಚ್ಚೇ ಹಾಕದೆ ಮಾಡಿ ನೋಡಿದೆಯಾ? ಒಳ್ಳೇದೇ, ಬೇಡ ಅನ್ನಲ್ಲ... ಆದರೆ ಅದನ್ನ ನಾನೇ ಬರೆದಿದ್ದೀನಲ್ಲ, ಇಪ್ಪತ್ತೆರಡು ವರ್ಷದ ಹಿಂದೆ. ಅಚ್ಚಿಲ್ಲದಿದ್ದರೆ ಬರೀ ಡಾಂಬರು, ಅಂತ. ಲೇಖನದ ಮೂರನೇ ಪುಟ.

ಡಾಂಬರು ಬರಲಿಲ್ವಾ. ಆರೇ ಬಂತಾ.

ಫ್ಲಾಸ್ಕು ಸರಿಯಾಗಿ ತೊಳೆದಿರಲ್ಲ, ಅಷ್ಟೇ. ನನ್ನ ಅಚ್ಚು ಗಾಜಿಗೆ ಒಂದು ಸಲ ಅಂಟಿಕೊಂಡರೆ ಬಿಡಲ್ಲ, ಥೇಟ್ ನಿಮ್ಮಮ್ಮನ ಕೋಪ. ನನ್ನ ತಂಗಿ ತಾನೇ, ನನಗೆ ಗೊತ್ತಿಲ್ವಾ. ಏನು, ಹೊಸ ಫ್ಲಾಸ್ಕಾ... ಹಾಗಾದರೆ ತುಂಡುಗಳಲ್ಲೇ ಕಸ ಇತ್ತು. ಅವೂ ಹೊಸದಾಗಿ ಮಾಡಿದ್ದಾ. ಶಾಖ ಜಾಸ್ತಿ ಆಗಿರಬೇಕು. ಕಡಿಮೆ ಮಾಡಿದರೂ ಆರೇ? ಅಂತೂ ಎಷ್ಟು ಸಲ ಮಾಡಿದೆ?

ನಾಲ್ಕು. ಬರೀ ನಾಲ್ಕು ಸಲ ಮಾಡಿಕೊಂಡು ಮಾವನ ಮುಂದೆ ಬಂದು ನಿಂತಿದ್ದೀಯ. ನಾನು ಮೂವತ್ತೊಂದು ಸಲ ಮಾಡಿದ್ದೀನಿ ಕಣೇ. ಮೂವತ್ತೊಂದು ಹೊಸ ಫ್ಲಾಸ್ಕು. ಐಸಲ್ಲಿಟ್ಟು ಮಾಡಿದೆ, ಕತ್ತಲಲ್ಲಿಟ್ಟು ಮಾಡಿದೆ, ಒಂದು ಸಲವಂತೂ...

ತಟ್ಟೆ ಯಾಕೆ ಕೆಳಗಿಟ್ಟೆ?

ಚೊರಿಸೊ ಸೀದುಹೋಗ್ತಿದೆ, ತಟ್ಟೆ ಹಿಡಿ. ಯಮಿಲಾ. ಬೈದುಬಿಡು ಬೇಕಾದರೆ.

...ಹೌದು. ಆರೇ. ಮೂವತ್ತೊಂದು ಸಲವೂ ಆರೇ. ಆ ತುಂಡುಗಳು ತಾವಾಗೇ ಬಾಗ್ತವೆ, ಆರಾದ ಮೇಲೆ ಸುರುಳಿ ಸುತ್ತಿಕೊಂಡು ತುದಿ ಮುಚ್ಚಿಕೊಳ್ತವೆ. ನನ್ನ ಅಚ್ಚಿನ ಹಂಗೇ ಅವಕ್ಕಿಲ್ಲ. ನಾನು ಮೊದಲನೇ ಸಲ ಮಾಡಿ ನೋಡಿದಾಗ ಲೇಖನ ಹೊರಬಿದ್ದು ಎಂಟು ತಿಂಗಳಾಗಿತ್ತು. ಡಾಂಬರು ಅಂತ ಬರೆದ ದಿನ ನಾನು ಅಚ್ಚಿಲ್ಲದ ಫ್ಲಾಸ್ಕನ್ನ ಒಲೆಯ ಮೇಲೇ ಇಟ್ಟಿರಲಿಲ್ಲ. ಇನ್ನೇನಾಗುತ್ತೆ, ಡಾಂಬರೇ ಅಂತ ಎಲ್ಲರಿಗೂ ಗೊತ್ತಿತ್ತಲ್ಲ... ಮೂರು ವರ್ಷದ ಹಿಂದೆ ನೀನು ಬಂದು, ಮಾವ, ನಿನ್ನ ಅಚ್ಚಿನ ಮೇಲೇ ಕೆಲಸ ಮಾಡ್ತೀನಿ ಅಂದೆ. ಆವತ್ತೇ ಹೇಳಬೇಕಿತ್ತು. ಎಷ್ಟು ಖುಷಿಯಾಯ್ತು ಅಂದರೆ, ಹೇಳೋಕೆ ಬಾಯೇ ಬರಲಿಲ್ಲ.

ಹಾಗೆ ನೋಡಬೇಡ. ತಲೆ ತಗ್ಗಿಸೋನಲ್ಲ ನಾನು. ಗುರುವಾರ ಕೋಟು ಹಾಕ್ಕೊಂಡು ಮುಂದಿನ ಸಾಲಲ್ಲೇ ಕೂರ್ತೀನಿ, ಯಾರು ಏನಂತಾರೋ ನೋಡೋಣ. ಇನ್ನೂ ಐದು ದಿನ ಇದೆ, ಪ್ರಬಂಧ ತಿದ್ದು. ಬಾಲ್ಡೊಮೆರೊನ ಅಚ್ಚು ಬೇಕಾಗೇ ಇಲ್ಲ ಅಂತ ಬರಿ, ಹೆಸರು ಹಾಕೇ ಬರಿ. ಆದರೆ ನಾಲ್ಕು ಸಲ ಅಂತ ಮಾತ್ರ ಬರೀಬೇಡ. ನಾಲ್ಕು ಅಂದರೆ ಆ ಮೂವರೂ ಆಕಸ್ಮಿಕ ಅಂದು ನಿನ್ನನ್ನ ಹರಿದು ತಿಂತಾರೆ. ನನ್ನವನ್ನೂ ಸೇರಿಸು. ಪ್ರಯೋಗದ ಪುಸ್ತಕಗಳು ಮಲಗೋ ಕೋಣೆ ಬೀರುವಿನಲ್ಲಿವೆ, ತಾರೀಖು ಸಮೇತ. ಹೋಗು, ನೀನೇ ಎಣಿಸಿಕೊ. ಈ ಜನ್ಮದಲ್ಲಿ ನಾನು ಉಬ್ಬಿಸದೇ ಹೇಳಿದ ಅಂಕಿ ಅದೊಂದೇ.