ಓದಲು ಕೊಟ್ಟ ವಿಳಾಸ

ಹೆಸರು ರಾಂಗೆಲ್ಕಾ ವೂತೊವಾ, ವಯಸ್ಸು ಮೂವತ್ತೆಂಟು ವರ್ಷ, ಪೌರತ್ವ ಬಲ್ಗೇರಿಯಾ, ಕಸುಬು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದು, ವಾಸ ಡೋಲ್ನಿ ಯಾವೊರ್ ಪಟ್ಟಣ, ಗಿರಣಿ ಬೀದಿ, 9ನೇ ನಂಬರಿನ ಮನೆಯ ಮೇಲಂತಸ್ತು. ಇದು ನಿನ್ನೆಯವರೆಗಿನ ವಿಳಾಸ. ಈ ದಿನ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ವಲ್ಚೊ ವೂತೊವ್ ನನ್ನ ದವಡೆ ಮುರಿದ ಕಾರಣ, ಆತ ನನ್ನಿಂದ ಇನ್ನೂರು ಮೀಟರ್ ದೂರವಿರಬೇಕೆಂದು ಕಳೆದ ಆಗಸ್ಟ್‌ನಲ್ಲಿ ನ್ಯಾಯಾಲಯ ಆದೇಶ ಮಾಡಿರುತ್ತದೆ. ನಾನು ತೊಂಬತ್ತು ಕಿಲೋಮೀಟರ್ ದೂರದ ಈ ಪಟ್ಟಣಕ್ಕೆ ಬಂದು, ಸ್ತಾಮೆನಾ ಗೆಂಚೆವಾ ಎಂಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಇದ್ದೆನು. ವಿಳಾಸ ನನ್ನ ತಾಯಿಗೂ ತಿಳಿಸಿರಲಿಲ್ಲ. ಆದರೆ ಮನೆ ಬದಲಿಸಿದವರು ಮೂವತ್ತು ದಿನದೊಳಗೆ ಗುರುತಿನ ಚೀಟಿಯಲ್ಲಿ ಹೊಸ ವಿಳಾಸ ಹಾಕಿಸಲೇಬೇಕೆಂದು ಇದೇ ಠಾಣೆಯ ಕಿಟಕಿಯಲ್ಲಿ ಹೇಳಿದ್ದರಿಂದ ಹಾಕಿಸಿದೆನು. ಬಚ್ಚಿಟ್ಟುಕೊಂಡವಳ ಬೆನ್ನ ಮೇಲೆ ವಿಳಾಸ ಬರೆಯುವ ಕಾನೂನು ಮಾಡಿದವರಿಗೆ ದವಡೆ ಮುರಿಸಿಕೊಂಡು ಗೊತ್ತಿಲ್ಲವೆಂದು ಕಾಣುತ್ತದೆ. ಈ ವಾಕ್ಯ ಬೇಡವೆಂದು, ಇದನ್ನು ಬರೆದುಕೊಳ್ಳುತ್ತಿರುವ ಸಾರ್ಜೆಂಟ್ ಕುಂಚೆವ್ ಹೇಳಿದರು. ಇರಲಿ ಎಂದು ನಾನು ಹೇಳಿದೆನು.

ಅಕ್ಟೋಬರ್ 12ರ ಶನಿವಾರ ಪಟ್ಟಣದ ಗ್ರಂಥಾಲಯಕ್ಕೆ ಹೋದೆನು. ಕೋಟು ಕತ್ತರಿಸುವ ಹಳೆಯ ಮಾದರಿ ಪುಸ್ತಕಗಳು ಅಲ್ಲಿವೆ, ಅವನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕುಳಿತು ನೋಡಬೇಕು. ಕೋಟು ಕಲಿತರೆ ಕಾರ್ಖಾನೆಯಲ್ಲಿ ನನ್ನನ್ನು ಕಾಯಂ ಮಾಡುತ್ತೇವೆಂದು ಹೇಳಿದ್ದರು. ಗ್ರಂಥಪಾಲಕಿ ತ್ಸೋಂಕಾ ಬಚ್ವರೋವಾ ಗುರುತಿನ ಚೀಟಿ ಕೇಳಿದರು. ಕೂತು ನೋಡೋದಕ್ಕೂ ಚೀಟಿ ಬೇಕಾ, ಹೆಸರು ಹೇಳಿದ್ರೆ ಸಾಲದಾ ಎಂದು ಕೇಳಿದೆನು. ಕಾನೂನು ಕಣಮ್ಮಾ, ಚೀಟಿ ಇಲ್ಲದೆ ಆ ದೇವರೇ ಬಂದ್ರೂ ಕುರ್ಚಿ ಕೊಡೋ ಹಾಗಿಲ್ಲ ಎಂದರು. ದೇವರ ವಿಳಾಸ ಎಲ್ಲರಿಗೂ ಗೊತ್ತಿದೆ, ನನ್ನದು ಗೊತ್ತಾಗಬಾರದು ಎಂದು ಹೇಳಿ, ನ್ಯಾಯಾಲಯದ ಆದೇಶವನ್ನು ತೋರಿಸಿದೆನು. ಆಕೆ ಓದಿ, ಕಣ್ಣಲ್ಲಿ ನೀರು ತಂದುಕೊಂಡು, ಅಯ್ಯೋ ತಾಯಿ, ನನ್ನ ಬಾಯಿಂದ ಒಂದಕ್ಷರ ಹೊರಗೆ ಬರಲ್ಲ ಎಂದು ಎದೆ ಮುಟ್ಟಿಕೊಂಡರು. ಚೀಟಿಯ ಎರಡೂ ಬದಿ ಕಂಪ್ಯೂಟರಿಗೆ ಏರಿಸಿದರು. ಆಮೇಲೆ ಪುಸ್ತಕ ಕೊಟ್ಟರು. ಅಂದಿನಿಂದ ಪ್ರತಿ ಶನಿವಾರ ಹೋಗಿರುತ್ತೇನೆ.

ನಿನ್ನೆ ನವೆಂಬರ್ 8, ದೇವದೂತರ ಹಬ್ಬ. ಆಂಗೆಲ್, ಮಿಹೈಲ್, ರಾಂಗೆಲ್ಕಾ ಎಂಬ ಹೆಸರಿನವರಿಗೆಲ್ಲ ಹೆಸರಿನ ದಿನ, ಹುಟ್ಟುಹಬ್ಬದಷ್ಟೇ ದೊಡ್ಡದು. ಆ ದಿನ ಯಾರನ್ನೂ ಕರೆಯುವ ಪದ್ಧತಿ ಇಲ್ಲ, ಬಂದವರನ್ನು ಯಾರೆಂದು ಕೇಳುವ ಪದ್ಧತಿಯೂ ಇಲ್ಲ. ಊಟಕ್ಕೆ ಇಡುವುದಷ್ಟೇ. ನಾನು ಯಾರಿಗೂ ಏನೂ ಹೇಳದೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದೆನು.

ಅಂದು ಬೆಳಿಗ್ಗೆ ತ್ಸೋಂಕಾ ಬಚ್ವರೋವಾ ಕಂಪ್ಯೂಟರಿನಿಂದ ಹೆಸರಿನ ದಿನ ಇರುವ ಓದುಗರನ್ನೆಲ್ಲ ಹೆಕ್ಕಿ, ಗ್ರಂಥಾಲಯದ ಬಾಗಿಲಿಗೂ ಅಂತರ್ಜಾಲ ಪುಟಕ್ಕೂ ಹಾಕಿರುತ್ತಾರೆ. ನನ್ನ ಹೆಸರಿನ ಮುಂದೆ ಬೀದಿ, ಮನೆ ನಂಬರ್ ಬರೆದು, ಊರಿಗೆ ಹೊಸಬಳು, ಒಂಟಿ, ಯಾರಾದರೂ ಹೋಗಿ ಶುಭ ಕೋರಿರಿ ಎಂದೂ ಸೇರಿಸಿರುತ್ತಾರೆ. ಬಾಯಿಂದ ಒಂದಕ್ಷರ ಬರಲಿಲ್ಲ, ನಿಜ. ಕಳ್ಳನ ಕೈಗೆ ಬೀಗದ ಕೈ ಕೊಡಲು ಬಾಯಿ ಬೇಕಾಗಿಲ್ಲ.

ಸಂಜೆ ಆರೂವರೆಗೆ ವಲ್ಚೊ ಬಿಳಿ ಸೇವಂತಿಗೆ ಹೂಗಳನ್ನೂ ಚಾಕೊಲೇಟ್ ಡಬ್ಬಿಯನ್ನೂ ಹಿಡಿದು ಬಾಗಿಲು ತಟ್ಟಿರುತ್ತಾನೆ. ರಾಂಗೆಲ್ಕಾಗೆ ಶುಭ ಹೇಳೋಕೆ ಬಂದೆ ಅಜ್ಜಿ ಎಂದನಂತೆ. ಸ್ತಾಮೆನಾ ಅಜ್ಜಿ ಬಾ ಮಗನೇ, ಅವಳಿಗೂ ಒಬ್ಬರು ಬಂದ್ರಲ್ಲ ಎಂದು ಖುಷಿಪಟ್ಟು ಕೂರಿಸಿ, ಚೀಸ್ ತುಂಬಿದ ಬಿಸಿ ಬಾನಿತ್ಸಾ ಕೊಟ್ಟಿರುತ್ತಾರೆ. ಆಕೆಯದು ಎಳ್ಳಷ್ಟೂ ತಪ್ಪಿಲ್ಲ. ಹೆಸರಿನ ದಿನ ಬಾಗಿಲು ತೆರೆಯದವಳು ಈ ದೇಶದಲ್ಲಿ ಹುಟ್ಟಿಲ್ಲ.

ಹೂದಾನಿಗೆ ಹೂವಿಡುವಾಗ ಅಜ್ಜಿ ಎಣಿಸಿದರಂತೆ. ಆರು ಇದ್ದವು. ಬದುಕಿದವರಿಗೆ ಬೆಸ, ಗೋರಿಗೆ ಸರಿಸಂಖ್ಯೆ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಎಣಿಸೋಕೆ ಬರಲ್ವಾ ನಿಂಗೆ ಎಂದು ನಗುತ್ತಾ ಅಜ್ಜಿ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ನಾನು ಒಳಗೆ ಬಂದೆನು. ಮೇಜಿನ ಆಚೆ ವಲ್ಚೊ ಕುಳಿತಿದ್ದನು. ಆತ ನನ್ನನ್ನೇ ನೋಡುತ್ತಾ ಆ ಹೂವನ್ನು ತೆಗೆದುಕೊಂಡು ಮತ್ತೆ ಹೂದಾನಿಗೆ ಸಿಕ್ಕಿಸಿದನು. ಸರಿಯಾಗೇ ಎಣಿಸಿದ್ದೀನಿ ಅಜ್ಜಿ ಎಂದನು. ಬದುಕಿರು, ಆರೋಗ್ಯವಾಗಿರು ಎಂದು ನನಗೆ ಪದ್ಧತಿಯಂತೆ ಹರಸಿದನು. ಲೈಬ್ರರಿಯವ್ರೇ ಕರೆದ್ರು, ಬರದೇ ಇದ್ರೆ ಚೆನ್ನಾಗಿರುತ್ತಾ ಎಂದು ಫೋನಿನಲ್ಲಿ ಆ ಪುಟ ತೋರಿಸಿದನು. ಬಾನಿತ್ಸಾ ಪೂರ್ತಿ ತಿಂದು, ಅಜ್ಜಿಯ ಕೈಗೆ ಮುತ್ತಿಟ್ಟು ಹೋದನು. ಅಜ್ಜಿಯ ಮುಖ ಸುಣ್ಣವಾಗಿತ್ತು. ನಾನು ಒಂದು ಚೀಲ ತುಂಬಿಕೊಂಡು ಆಗಲೇ ಆ ಮನೆ ಬಿಟ್ಟೆನು.

ಈ ದಿನ ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯಕ್ಕೆ ಹೋಗಿ ಕೇಳಲಾಗಿ, ತ್ಸೋಂಕಾ ಬಚ್ವರೋವಾ ಬಾಗಿಲ ಕಾಗದವನ್ನು ಕಿತ್ತು ಅಳುತ್ತಾ, ಹೆಸರಿನ ದಿನ ನೀನೊಬ್ಬಳೇ ಕೂತಿರ್ತೀಯಲ್ಲಾ ಅಂತ ಹೊಟ್ಟೆ ಉರೀತು ತಾಯಿ, ಒಳ್ಳೇದಕ್ಕೇ ಮಾಡಿದೆ ಎಂದರು. ನಿಮ್ಮ ಒಳ್ಳೇತನ ನಿಮ್ಮ ಹತ್ರಾನೇ ಇರ್ಲಿ, ಓದೋಕೆ ಕಣ್ಣು ಸಾಕಿತ್ತು, ವಿಳಾಸ ಯಾಕೆ ಕಿತ್ಕೊಂಡ್ರಿ ಎಂದು ಕೂಗಿದೆನು. ಓದುವ ಕೋಣೆಯಲ್ಲಿ ಕೂಗಿದ್ದು ನಿಜ. ಈಗಲಾದ್ರೂ ಅಳಿಸಿ ಎಂದುದಕ್ಕೆ, ಅಳಿಸುವ ಅಧಿಕಾರ ತಮಗಿಲ್ಲ, ಐದು ವರ್ಷ ಇಡಬೇಕೆಂದು ನಿಯಮವಿದೆ ಎಂದು ತಿಳಿಸಿದರು.

ಅಲ್ಲಿಂದ ಠಾಣೆಗೆ ಬಂದೆನು. ಆತ ಹೊಡೆಯಲಿಲ್ಲ, ಬೈಯಲಿಲ್ಲ, ಹೂ ತಂದು ಹರಸಿ ಹೋದ, ಇದನ್ನ ಏನಂತ ಬರೀಲಿ ಎಂದು ಸಾರ್ಜೆಂಟ್ ಕುಂಚೆವ್ ಕೇಳಿದರು. ಇನ್ನೂರು ಮೀಟರಿನ ಆದೇಶ ಮುರಿದು ಮೇಜಿನವರೆಗೆ ಬಂದ ಅಂತ ಬರೀರಿ ಎಂದೆನು. ಒಂದು ಗೊಂಚಲು ಹೂ ಎಂದು ಬರೆದಿದ್ದನ್ನು ಹೊಡೆದುಹಾಕಿಸಿ, ಆರು ಎಂದು ಬರೆಸಿರುತ್ತೇನೆ. ಅಂಗಡಿಯವನು ತಪ್ಪು ಎಣಿಸಿರಬಹುದು ಎಂದು ಅವರು ಹೇಳಿದರು. ನಿಮ್ಮ ಹೆಂಡತಿಗೆ ಇವತ್ತು ಆರು ತಗೊಂಡು ಹೋಗಿ ನೋಡಿ ಎಂದು ಹೇಳಿದೆನು.

ದೂರಿನ ಪ್ರತಿಯನ್ನು ಕಾನೂನಿನಂತೆ ವಲ್ಚೊಗೆ ಕೊಡಲಾಗುವುದು, ಅದರಲ್ಲಿ ದೂರುದಾರಳ ಈಗಿನ ವಿಳಾಸ ಕಡ್ಡಾಯ, ಇಲ್ಲದಿದ್ದರೆ ದೂರು ದಾಖಲಾಗುವುದಿಲ್ಲ ಎಂದು ತಿಳಿಸಿದರು. ಬರೆಯುವುದಿಲ್ಲ ಎಂದು ತಿಳಿಸಿರುತ್ತೇನೆ.

ಇಷ್ಟನ್ನೂ ನನಗೆ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ, ಸತ್ಯವಿದೆ. ಕೆಳಗಿನ ವಿಳಾಸದ ಖಾನೆಗೆ ಅಡ್ಡಗೆರೆ ಎಳೆದವಳು ನಾನೇ. ಈ ಕಾರಣಕ್ಕೆ ದೂರು ದಾಖಲಾಗದೆ, ನಾಳೆ ನಾನು ಸತ್ತರೆ, ಆಗ ಗೋರಿಯ ಕಲ್ಲಿನ ಮೇಲೆ ನನ್ನ ವಿಳಾಸವನ್ನು ಯಾರು ಬೇಕಾದರೂ ಓದಬಹುದು.

ಸ್ಥಳ: ಡೋಲ್ನಿ ಯಾವೊರ್ ಠಾಣೆ
ದಿನಾಂಕ: ನವೆಂಬರ್ 9, 2019
ಸಹಿ: ರಾಂಗೆಲ್ಕಾ ವೂತೊವಾ
ಈಗಿನ ವಿಳಾಸ: ————