ತಾರಸಿ ಮೇಲೆ ಕರೆದ ಹೆಸರು

ಹಲೋ... ಯಾರು ಮಾತಾಡ್ತಿರೋದು? ಸಿಂಚನಾನಾ? ನಾನು ಕಣಮ್ಮ, ಶಿಲ್ಪಶ್ರೀ ಆಂಟಿ. ಅಗ್ರಹಾರದ ಸಂಡಿಗೆ ಅಂಗಡಿ...

ಹಾಂ, ಇಟ್ಬುಡ್ಬೇಡ. ಒಂದ್ನಿಮಿಷ. ಅಜ್ಜಿ ಇದಾರಾ?...

ಮಲಗಿದಾರಾ? ಹಗಲು ಹನ್ನೊಂದು ಗಂಟೇಲಿ ನಿಮ್ಮಜ್ಜಿ ಮಲಗಿದ್ದು ನಾನಂತೂ ನೋಡಿಲ್ಲ. ನನ್ ಹತ್ರ ಮಾತಾಡಲ್ಲ ಅಂದಿದಾರೆ, ಅಲ್ವಾ? ಬೈಯೋಕಾದ್ರೂ ಫೋನ್ ತಗೋಬೇಕಂತೆ ಅನ್ನು. ಹೋಗು, ನನ್ನಮ್ಮ...

ಹಲೋ... ಪುಟ್ಟತಾಯಮ್ಮ? ನಾನು...

ಊಟ ಆಯ್ತಾ, ತಿಂಡಿ ಆಯ್ತಾ ಅಂತ ಕೇಳೋಕೂ ಬಾಯಿ ಬರ್ತಿಲ್ಲ ನಂಗೆ. ನಾಲ್ಕು ದಿನ ಆಯ್ತು ನೀವು ಬಂದು. ದಿನಾ ಸಂಜೆ ಹೊರಡುವಾಗ "ಅಕ್ಕಿ ನೆನೆಹಾಕ್ಬುಡಿ" ಅಂತ ಹೇಳಿ ಮೆಟ್ಟಿಲಿಳೀತಿದ್ರಿ. ಅಂದ್ರೆ ನಾಳೆ ಬರ್ತೀನಿ ಅಂತ. ಆವತ್ತು ಏನೂ ಹೇಳದೆ ಹೋದ್ರಿ. ಹಾಗಾಗಿ ನಾನೂ ನೆನೆಹಾಕಿಲ್ಲ...

ಅಲ್ಲ, ಕೆಲ್ಸಕ್ಕೆ ಕರೆಯೋಕಲ್ಲ ಫೋನ್ ಮಾಡಿದ್ದು. ಆ ವಿಡಿಯೊ ವಿಷ್ಯಕ್ಕೆ.

ನೀವು ನೋಡೇ ಇಲ್ವಾ?... ಕೇಳಿಸ್ಕೊಂಡ್ರಾ? ಯಾರ ಫೋನಲ್ಲಿ?... ನಮ್ಮ ಪಕ್ಕದ ಮನೆಯೋರದ್ರಲ್ಲಿ, ಆವತ್ತೇ. ಹಾಂ... ಬೀದೀಲಿ ಹುಡುಗ್ರೂನಾ? ನಿಮ್ಮನ್ನ ನೋಡಿ ಏನಂತ ಕೂಗಿದ್ರು?... ಬೇಡ, ಹೇಳ್ಬೇಡಿ. ಗೊತ್ತಾಯ್ತು.

ಪುಟ್ಟತಾಯಮ್ಮ, ಸ್ವಲ್ಪ ಕೇಳಿ. ಪಕ್ಕದ ಸ್ಟುಡಿಯೊ ಪ್ರದ್ಯುಮ್ನ ಇಲ್ವಾ, ನಮ್ಮಂಗಡಿ ಪೇಜ್ ನೋಡ್ಕೊಳೋನು, ಅವ್ನು ತಲೆ ತಿಂತಿದ್ದ. ಅರಳು ಸಂಡಿಗೆ ಫೋಟೋ ಹಾಕಿದ್ವಿ, ಹನ್ನೊಂದು ಲೈಕು, ಅದ್ರಲ್ಲೂ ಅರ್ಧ ನಮ್ಮ ನೆಂಟ್ರದ್ದೇ. ಸಂಡಿಗೆ ಮಾಡೋ ವಿಧಾನ ಪೂರ್ತಿ ವಿಡಿಯೊ ಮಾಡಿದ್ವಿ, ಒಬ್ರೂ ಕೊನೇವರ್ಗೂ ನೋಡ್ಲಿಲ್ಲ. ಹಬ್ಬದ ಶುಭಾಶಯ ಹಾಕಿದ್ವಿ, ಅದಂತೂ ಎಲ್ಲ ಅಂಗಡಿಯೋರೂ ಹಾಕ್ತಾರೆ. ಜನ ಸಂಡಿಗೆ ನೋಡಲ್ಲ ಮೇಡಂ, ಜನರನ್ನ ನೋಡ್ತಾರೆ, ಸಣ್ಣ ರೀಲ್ ಮಾಡಿ, ನಗು ಬರ್ಬೇಕು ಅಂದ...

ಹಾಂ. ಅವ್ನು ಅಂದ, ನಾನು ಮಾಡ್ದೆ. ಹೌದು.

ನೀವು ತಾರಸೀಲಿ ಕೋಲು ಹಿಡ್ಕೊಂಡು ಕೂತಿದ್ರಿ. ಬೇರೆ ಕಾಗೆಗಳನ್ನೆಲ್ಲ ಓಡಿಸಿದ್ರಿ. ಆ ಕುಂಟು ಕಾಗೆ ಬಂದಾಗ ಮಾತ್ರ ಕೋಲು ಕೆಳಗಿಟ್ಟು, ಒಂದು ಹಸಿ ಸಂಡಿಗೆ ಎತ್ತಿ ಗೋಡೆ ಮೇಲಿಟ್ರಿ. ಆಮೇಲೆ ಹೆಸರು ಹಿಡಿದು ಕರೆದ್ರಿ. ನಾನು ಬಾಗಿಲ ಸಂದೀಲಿ ಫೋನ್ ಹಿಡ್ಕೊಂಡು ನಿಂತಿದ್ದೆ...

ಗೊತ್ತಿತ್ತು. ಅದು ನಿಮ್ಮ ಯಜಮಾನ್ರ ಹೆಸರು ಅಂತ ಗೊತ್ತಿತ್ತು ನಂಗೆ. ಬೇರೆ ಯಾರಿಗೆ ಗೊತ್ತಿಲ್ದಿದ್ರೂ ನಂಗೆ ಗೊತ್ತಿತ್ತಲ್ಲ. ಬ್ಯಾಂಕಲ್ಲಿ ಫಾರಂ ತುಂಬುವಾಗ ಗಂಡನ ಹೆಸರೇನು ಅಂತ ಕೇಳಿದ್ರು, ನೀವು ನನ್ನ ಮುಖ ನೋಡಿದ್ರಿ. ಅವರು ಬದುಕಿದ್ದಾಗ ಒಂದಿನಾನೂ ಬಾಯಲ್ಲಿ ಆ ಹೆಸರು ಅಂದೋರಲ್ಲ, ಹೋದ್ಮೇಲೂ ಜನರೆದುರು ಅನ್ನಲಿಲ್ಲ. ರೇಷನ್ ಕಾರ್ಡ್ ನೋಡಿ ನಾನೇ ಹೇಳ್ದೆ.

ಅಂಥದನ್ನ ತಗೊಂಡೋಗಿ ಬೀದಿಗೆ ಹಾಕ್ಬುಟ್ಟೆ. ಮೇಲೆ ದೊಡ್ಡ ಅಕ್ಷರದಲ್ಲಿ ಆ ಹೆಸರು, ಪಕ್ಕದಲ್ಲಿ ನಗೋ ಗೊಂಬೆ...

ಏನಂದ್ರಿ?... ಅದ್ರಲ್ಲಿ ಕೇಳೋ ನಗುನಾ? ಅದೂ... ಅದು ಪ್ರದ್ಯುಮ್ನ ಸೇರಿಸಿದ್ದು. ಅಂಥ ನಗು ಎಲ್ಲ ಫೋನಲ್ಲೇ ಸಿಗುತ್ತೆ, ವಿಡಿಯೊಗೆ ಅಂಟಿಸ್ತಾರೆ...

ಹಾಂ...

ಎಂಟು ವರ್ಷದಿಂದ ನನ್ನ ನಗು ಕೇಳಿದೀರಿ. ಹೌದು...

ನಂದೇ ಪುಟ್ಟತಾಯಮ್ಮ. ನಾನೇ ನಕ್ಕಿದ್ದು. ಸೆರಗು ಬಾಯಿಗೆ ಒತ್ಕೊಂಡಿದ್ದೆ, ಆದ್ರೂ ಕೇಳಿಸ್ಬುಟ್ಟಿದೆ. ಪ್ರದ್ಯುಮ್ನ ಅದನ್ನ ಕತ್ತರಿಸ್ಲಾ ಅಂತ ಕೇಳ್ದ. ಇರ್ಲಿ, ಚೆನ್ನಾಗಿದೆ ಅಂದಿದ್ದೂ ನಾನೇ. ಈಗ ಅವನ ಮೇಲೆ ಹಾಕ್ತಿದೀನಿ ನೋಡಿ. ನಾಚಿಕೆ ಆಗ್ಬೇಕು ನಂಗೆ.

ಬೈಯ್ರಿ ನಂಗೆ, ಬಾಯ್ತುಂಬ ಬೈಯ್ರಿ...

ತೆಗೆದ್ನಾ ಅಂತಾನಾ?... ಇಲ್ಲ. ಇನ್ನೂ ಇದೆ. ಸುಳ್ಳು ಹೇಳಲ್ಲ. ಎಲ್ಲೆಲ್ಲಿಂದಲೋ ಆರ್ಡರ್ ಬರೋಕೆ ಶುರುವಾಯ್ತು. ಇವತ್ತೊಂದಿನ, ನಾಳೆ ತೆಗೆದ್ರಾಯ್ತು ಅಂತ ನಾಲ್ಕು ದಿನ ಮಾಡ್ದೆ. ಸಂಡಿಗೆ ಮಾಡೋ ಕೈ ಮನೇಲಿ ಮುಖ ಮುಚ್ಕೊಂಡು ಕೂತಿದೆ, ನಾನು ಆರ್ಡರ್ ಬರ್ಕೊತಿದೀನಿ.

ತಡೀರಿ, ಈಗ್ಲೇ ತೆಗೀತೀನಿ. ಫೋನ್ ಸ್ಪೀಕರ್‌ಗೆ ಹಾಕಿದೀನಿ, ಇಟ್ಬುಡ್ಬೇಡಿ... ಅಳಿಸಲಾ ಅಂತ ಕೇಳ್ತಿದೆ... ಒತ್ತಿದೆ. ಹೋಯ್ತು. ಜನರ ಫೋನಲ್ಲಿ ಉಳಿದಿರೋದು ಮಾತ್ರ ನನ್ನ ಕೈಲಿಲ್ಲ ಪುಟ್ಟತಾಯಮ್ಮ. ಅದನ್ನ ಏನ್ ಮಾಡ್ಬೇಕೋ ಗೊತ್ತಾಗ್ತಿಲ್ಲ.

ಬೇಕಿದ್ರೆ ತಪ್ಪಾಯ್ತು ಅಂತ ನಾನೇ ಮುಖ ತೋರಿಸಿ ಒಂದು ವಿಡಿಯೊ ಹಾಕ್ತೀನಿ...

ಹಾಂ. ಅದನ್ನೂ ಕೂತ್ಕೊಂಡು ನೋಡ್ತಾರೆ. ನಿಜ. ಮತ್ತೆ ನಿಮ್ಮ ಸುದ್ದೀನೇ ಎತ್ತಿದ ಹಂಗಾಗುತ್ತೆ. ಹಾಕಲ್ಲ. ಇನ್ಮೇಲೆ ಸಂಡಿಗೆ ಫೋಟೋ ಅಷ್ಟೇ. ಹನ್ನೊಂದು ಲೈಕಾ, ಹನ್ನೊಂದೇ ಸಾಕು.

ನಾನೆಲ್ಲಿದೀನಾ? ತಾರಸೀಲಿ. ನೀವು ಕೂರೋ ಜಾಗದಲ್ಲೇ... ಇಲ್ಲ, ಸಂಡಿಗೆ ಏನೂ ಒಣಹಾಕಿಲ್ಲ. ಹೋದ ವಾರದ್ದು ಒಂದು ಹಿಡಿ ತಂದು ಗೋಡೆ ಮೇಲಿಟ್ಟಿದೀನಿ...

ಬರುತ್ತೆ. ದಿನಾ ಬರುತ್ತೆ. ಆ ಕೊನೇಲಿ ಕೂತು ಬಾಗಿಲ ಕಡೆ ನೋಡುತ್ತೆ, ನಾನಿಟ್ಟಿದ್ದು ಮುಟ್ಟದೆ ಹೋಗುತ್ತೆ... ಅಯ್ಯೋ, ಇಲ್ಲ. ನಾನು ಆ ಹೆಸರಲ್ಲಿ ಕರೀಲಿಲ್ಲ. ನನ್ನ ಬಾಯಿಗೆ ಆ ಯೋಗ್ಯತೆ ಎಲ್ಲಿದೆ?

ಅಳ್ಬೇಡಿ ಪುಟ್ಟತಾಯಮ್ಮ. ನೀವು ಅತ್ರೆ ನಾನೆಲ್ಲಿ ಮುಖ ಇಟ್ಕೊಳ್ಲಿ...

ಒಂದ್ನಿಮಿಷ. ಬಂತು. ಈಗ ಬಂತು ನೋಡಿ, ಕುಂಟ್ಕೊಂಡು ಗೋಡೆ ಮೇಲೆ...

ಏನು? ಫೋನು?... ಗೋಡೆ ಮೇಲೆ ಇಡ್ಲಾ? ಇಡ್ತೀನಿ. ಸ್ಪೀಕರಲ್ಲೇ ಇದೆ, ಜೋರಾಗಿ ಕೇಳುತ್ತೆ... ಹಾಂ, ನಾನು ಇಳಿದು ಹೋಗ್ತೀನಿ. ಬಾಗಿಲು ಹಾಕ್ಕೊತೀನಿ. ಈ ಸಲ ಸಂದೀಲಿ ನಿಲ್ಲಲ್ಲ. ಕೆಳಗಡೆ ಅಡುಗೆಮನೇಗೇ ಹೋಗ್ತೀನಿ. ನೀವು ಮಾತಾಡ್ಕೊಳಿ...

......

......

ಪುಟ್ಟತಾಯಮ್ಮ... ಆಯ್ತಾ? ಮೆಟ್ಟಿಲಿಂದಾನೇ ಕೂಗ್ತಿದೀನಿ, ಕೇಳಿಸ್ತಾ? ಮೇಲೆ ಬರ್ಲಾ?...

ಬಂದೆ. ಫೋನ್ ತಗೊಂಡೆ. ಕಾಗೆ ಹೋಗಿದೆ. ಹಲೋ... ಇದೀರಾ? ನಾನು ಏನೂ ಕೇಳಿಸ್ಕೊಳ್ಲಿಲ್ಲ, ಆಣೆ ಮಾಡ್ತೀನಿ. ಏನಂದ್ರಿ ಅಂತಾನೂ ಕೇಳಲ್ಲ. ಒಂದೇ ಒಂದು ಮಾತು ಹೇಳ್ಬುಡಿ, ಅಕ್ಕಿ ನೆನೆಹಾಕ್ಲಾ? ಹಲೋ... ಪುಟ್ಟತಾಯಮ್ಮ, ಅಕ್ಕಿ...